ರಾತ್ರಿ ಹನ್ನೊಂದರ ಮಂಡಕ್ಕಿ: ನಿದ್ದೆಗೂ ಬೊಜ್ಜಿಗೂ ಇರುವ ನಂಟು ಎಲ್ಲಿಯದು?

ಆರು ತಾಸಿಗಿಂತ ಕಡಿಮೆ ಮಲಗಿದರೆ ಬೊಜ್ಜು ಬರುತ್ತದೆ ಎಂದು ಒಂದು ವಾರ ಸುದ್ದಿ ಬರುತ್ತದೆ. ಒಂಬತ್ತು ತಾಸು ಮಲಗುವವರಲ್ಲೂ ತೂಕ ಹೆಚ್ಚು ಎಂದು ಮುಂದಿನ ವಾರ. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಸರಿಹೋಗುತ್ತದೆ ಎನ್ನುವವರು ಒಬ್ಬರು, ಅದರಿಂದ ಏನೂ ಆಗದು ಎನ್ನುವವರು ಇನ್ನೊಬ್ಬರು. ಓದುವವರು ಯಾವುದನ್ನು ನಂಬಬೇಕು?

ದಾವಣಗೆರೆಯಂಥ ಊರಿಗೆ ಇದು ಬರಿ ಕುತೂಹಲದ ಪ್ರಶ್ನೆಯಲ್ಲ. ಮೆಡಿಕಲ್, ಎಂಜಿನಿಯರಿಂಗ್, ನರ್ಸಿಂಗ್, ಪಿಯು ಎಂದು ಸುತ್ತಲಿನ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ಹಾಸ್ಟೆಲು, ಪಿ.ಜಿ., ಬಾಡಿಗೆ ರೂಮುಗಳಲ್ಲಿ ತುಂಬಿದ್ದಾರೆ. ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಇದೆ, ನಸುಕಿನಲ್ಲೇ ಒಲೆ ಹೊತ್ತುವ ಮಂಡಕ್ಕಿ ಭಟ್ಟಿಗಳಿವೆ. ಹದಿನೆಂಟರಿಂದ ಮೂವತ್ತೈದರ ನಡುವೆ ನಿದ್ದೆ ಕರಗುವುದು, ಸೊಂಟ ದಪ್ಪವಾಗುವುದು ಎರಡೂ ಜೊತೆಜೊತೆಗೇ ನಡೆಯುತ್ತವೆ. ಒಂದು ಇನ್ನೊಂದಕ್ಕೆ ಕಾರಣವೋ, ಎರಡಕ್ಕೂ ಕಾರಣ ಬೇರೆಯೋ ಎಂಬುದರ ಸುತ್ತಲೇ ಗೊಂದಲ ಇರುವುದು.

ದಪ್ಪ ಎಂದರೆ ಎಷ್ಟು?

ನಿದ್ದೆಗಿಂತ ಮೊದಲು ತೂಕದ ಲೆಕ್ಕ ಬಿಡಿಸಿಕೊಳ್ಳಬೇಕು, ಏಕೆಂದರೆ ಅಳತೆಗೋಲೇ ಎರಡಿವೆ. ಕಿಲೋದಲ್ಲಿನ ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವುದು ಬಿಎಂಐ. 165 ಸೆಂ.ಮೀ. ಎತ್ತರ, 70 ಕಿಲೋ ತೂಕದ ಯುವಕನ ಬಿಎಂಐ 25.7. ಜಾಗತಿಕ ಅಳತೆಯಲ್ಲಿ ಅವನು ‘ಅತಿತೂಕ’ದವನು. ಭಾರತೀಯ ವೈದ್ಯರು 2009ರಿಂದ ಬಳಸುತ್ತ ಬಂದ ಅಳತೆಯಲ್ಲಿ 25 ದಾಟಿದರೆ ಬೊಜ್ಜು. 155 ಸೆಂ.ಮೀ. ಎತ್ತರ, 57 ಕಿಲೋ ತೂಕದ ಯುವತಿಯ ಬಿಎಂಐ 23.7. ಜಾಗತಿಕ ಲೆಕ್ಕದಲ್ಲಿ ಆಕೆ ಸರಿಯಾಗಿದ್ದಾಳೆ, ನಮ್ಮ ಲೆಕ್ಕದಲ್ಲಿ 23ರ ಗೆರೆ ದಾಟಿದ್ದಾಳೆ. ಭಾರತೀಯರಲ್ಲಿ ಇದೇ ಬಿಎಂಐಗೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವುದರಿಂದ ಗೆರೆಯನ್ನು ಕೆಳಗೆ ಎಳೆಯಲಾಗಿದೆ. 2025ರ ಜನವರಿಯಲ್ಲಿ ಭಾರತೀಯ ತಜ್ಞರು ಈ ವ್ಯಾಖ್ಯೆಯನ್ನು ಮತ್ತೆ ತಿದ್ದಿ, 23 ದಾಟಿದವರನ್ನು ಅಂಗಾಂಗಗಳಿಗೆ ತೊಂದರೆ ಶುರುವಾಗಿದೆಯೇ ಇಲ್ಲವೇ ಎಂಬುದರ ಮೇಲೆ ಎರಡು ಹಂತಗಳಾಗಿ ವಿಂಗಡಿಸಿದರು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾತ್ರ 25ರ ಗೆರೆಯನ್ನೇ ಬಳಸುತ್ತದೆ. ಅದರ ಪ್ರಕಾರ 2015–16ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 23.3, ಪುರುಷರಲ್ಲಿ ಶೇ 22.1 ಮಂದಿ ಆ ಗೆರೆ ಮೇಲಿದ್ದರು. 2019–21ರ ಸುತ್ತಿನಲ್ಲಿ ಅದು ಶೇ 30.1 ಮತ್ತು ಶೇ 30.9ಕ್ಕೆ ಏರಿತು. ಗಂಡಸರು ಹೆಂಗಸರನ್ನು ದಾಟಿಹೋದದ್ದು ಇಲ್ಲಿ ಗಮನಿಸಬೇಕಾದ ಮಾತು.

ಮನೆಯಲ್ಲಿ ನಂಬಬಹುದಾದ ಅಳತೆ ಎಂದರೆ ಟೈಲರ್ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಬಟ್ಟೆಯ ಮೇಲಲ್ಲದೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಪ್ಯಾಂಟಿನ ಸೈಜನ್ನು ನೆಚ್ಚಿಕೊಂಡರೆ ಮೋಸ ಹೋಗುತ್ತೀರಿ, ಪ್ಯಾಂಟು ಹೊಟ್ಟೆಯ ಕೆಳಗೆ ನಿಲ್ಲುತ್ತದೆ.

ಎಲ್ಲರೂ ಹೇಳುವ ಹಾರ್ಮೋನ್ ಕತೆ, ಅದರ ಬಿರುಕು

ನಿದ್ದೆ ಕುರಿತ ಬಹುತೇಕ ಬರಹಗಳಲ್ಲಿ ಎರಡು ಹೆಸರು ತಪ್ಪದೆ ಬರುತ್ತವೆ. ‘ಹೊಟ್ಟೆ ತುಂಬಿತು’ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್, ‘ಹಸಿವಾಗಿದೆ’ ಎಂದು ಕೂಗುವ ಗ್ರೆಲಿನ್. ಇದರ ಮೂಲ 2004ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗ. ಹನ್ನೆರಡು ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕು ತಾಸು, ಇನ್ನೊಮ್ಮೆ ಎರಡು ರಾತ್ರಿ ಹತ್ತು ತಾಸು ಹಾಸಿಗೆಯಲ್ಲಿರಿಸಿ ಹೋಲಿಸಿದರು. ನಿದ್ದೆ ಕಡಿಮೆಯಾದಾಗ ಲೆಪ್ಟಿನ್ ಶೇ 18 ಇಳಿದಿತ್ತು, ಗ್ರೆಲಿನ್ ಶೇ 28 ಏರಿತ್ತು, ಹಸಿವು ಶೇ 24 ಹೆಚ್ಚಾಗಿತ್ತು. ಸಿಹಿ, ಉಪ್ಪು, ಹಿಟ್ಟಿನ ತಿನಿಸುಗಳ ಮೇಲೆಯೇ ಹೆಚ್ಚು ಆಸೆ.

ಆದರೆ ಆ ಪ್ರಯೋಗದಲ್ಲಿ ಅಳತೆ ತೆಗೆದ ದಿನ ಯುವಕರು ಮನಸ್ಸಿಗೆ ಬಂದಷ್ಟು ಉಣ್ಣುತ್ತಿರಲಿಲ್ಲ. ರಕ್ತನಾಳದ ಮೂಲಕ ಅವರಿಗೆ ಒಂದೇ ಪ್ರಮಾಣದ ಗ್ಲೂಕೋಸ್ ಹೋಗುತ್ತಿತ್ತು. 2013ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದವರು 16 ಮಂದಿಗೆ ಐದು ದಿನ ಐದೇ ತಾಸು ಮಲಗಲು ಬಿಟ್ಟು, ಊಟಕ್ಕೆ ಮಿತಿ ಹಾಕಲಿಲ್ಲ. ಆಗ ಲೆಪ್ಟಿನ್ ಇಳಿಯಲಿಲ್ಲ, ಏರಿತು. ಗ್ರೆಲಿನ್ ಇಳಿಯಿತು. ಎಂದರೆ ‘ಸಾಕು’ ಎಂಬ ಸೂಚನೆ ದೇಹ ಕೊಡುತ್ತಲೇ ಇತ್ತು, ಆದರೂ ಜನ ತಿನ್ನುತ್ತಲೇ ಹೋದರು. ಎಚ್ಚರವಿದ್ದ ಹೆಚ್ಚುವರಿ ತಾಸುಗಳಿಗಾಗಿ ದೇಹ ದಿನಕ್ಕೆ ಶೇ 5ರಷ್ಟು ಹೆಚ್ಚು ಶಕ್ತಿ ಖರ್ಚು ಮಾಡಿದ್ದು ನಿಜ. ತಿಂದದ್ದು ಅದನ್ನು ಮೀರಿತ್ತು. ಐದು ದಿನದಲ್ಲಿ ಸರಾಸರಿ 0.82 ಕಿಲೋ ಏರಿತು.

ಆ ಹೆಚ್ಚಿನ ತಿಂಡಿ ಒಳಗೆ ಹೋದದ್ದು ಯಾವಾಗ? ಬೆಳಿಗ್ಗೆ ಅಲ್ಲ, ಬೆಳಗಿನ ತಿಂಡಿ ಕಡಿಮೆಯೇ ಆಗಿತ್ತು. ಮಧ್ಯಾಹ್ನವೂ ಅಲ್ಲ. ರಾತ್ರಿ ಊಟವಾದ ಮೇಲೆ.

ಎಚ್ಚರವಿದ್ದಾಗ, ಬಳಲಿದಾಗ, ಕೈಗೆಟಕುವಂತಿದ್ದಾಗ ಬಾಯಿ ಆಡುತ್ತದೆ, ಹಾರ್ಮೋನ್ ಏನು ಹೇಳಿದರೂ. ತೂಕದ ಪ್ರಶ್ನೆಯಲ್ಲಿ ‘ಎಷ್ಟು ತಾಸು’ ಎಂಬುದಕ್ಕಿಂತ ‘ಮಲಗುವ ಮುಂಚಿನ ಎರಡು ತಾಸಿನಲ್ಲಿ ಏನಾಗುತ್ತದೆ’ ಎಂಬುದು ಮುಖ್ಯ ಎನ್ನುವುದು ಇದಕ್ಕೇ.

270 ಕ್ಯಾಲರಿ ಎಂದರೆ ಒಂದು ಪ್ಲೇಟು

2022ರಲ್ಲಿ ಷಿಕಾಗೋದವರೇ ಪ್ರಯೋಗವನ್ನು ತಿರುವಿ ಹಾಕಿದರು. 21ರಿಂದ 40 ವಯಸ್ಸಿನ, ಅತಿತೂಕವಿದ್ದ, ದಿನಕ್ಕೆ ಆರೂವರೆ ತಾಸಿಗಿಂತ ಕಡಿಮೆ ಮಲಗುತ್ತಿದ್ದ 80 ಮಂದಿಯನ್ನು ತೆಗೆದುಕೊಂಡರು. ಅರ್ಧದಷ್ಟು ಮಂದಿಗೆ ಮನೆಯಲ್ಲೇ ಬೇಗ ಮಲಗುವ ಬಗ್ಗೆ ಸಲಹೆ ಕೊಟ್ಟರು. ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಿದ್ದೆ ಸುಮಾರು 1.2 ತಾಸು ಹೆಚ್ಚಿತು, ದಿನದ ಆಹಾರ ಇನ್ನೊಂದು ಗುಂಪಿಗಿಂತ ಸುಮಾರು 270 ಕ್ಯಾಲರಿ ಕಡಿಮೆಯಾಯಿತು. ತಿಂದದ್ದನ್ನು ಬರೆದುಕೊಡಿ ಎಂದು ಕೇಳದೆ, ವಿಶೇಷ ನೀರು ಕುಡಿಸಿ ಮೂತ್ರ ಪರೀಕ್ಷೆಯಿಂದ ಲೆಕ್ಕ ಹಾಕಿದ್ದರಿಂದ ಈ ಅಂಕಿಗೆ ತೂಕವಿದೆ. ಕೊರತೆ ಎಂದರೆ ಅವಧಿ, ಎರಡೇ ವಾರ.

270 ಕ್ಯಾಲರಿಯನ್ನು ನಮ್ಮ ತಟ್ಟೆಯಲ್ಲಿಟ್ಟು ನೋಡೋಣ. ಮಂಡಕ್ಕಿ ಹಗುರ, ಅರ್ಧ ಲೀಟರ್ ಪಾತ್ರೆ ತುಂಬ ಅಳೆದರೂ 50 ಗ್ರಾಂ ಆಸುಪಾಸು. ಅದರಲ್ಲಿ 190ರಷ್ಟು ಕ್ಯಾಲರಿ. ಒಗ್ಗರಣೆಗೆ ಎರಡು ಟೀ ಚಮಚ, ಎಂದರೆ ಸುಮಾರು 10 ಗ್ರಾಂ ಎಣ್ಣೆ, ಅದರಿಂದ 90. ಒಟ್ಟು 280. ಮೇಲೆ ಉದುರಿಸುವ ಪುಟಾಣಿ ಹಿಟ್ಟು, ಶೇಂಗಾ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಪಕ್ಕದಲ್ಲಿ ಎರಡು ಮೆಣಸಿನಕಾಯಿ ಇಟ್ಟರೆ ಕಡಲೆಹಿಟ್ಟು ಕುಡಿದ ಎಣ್ಣೆಯದೇ ಬೇರೆ ಖಾತೆ. ಬೆಣ್ಣೆ ದೋಸೆಯಲ್ಲಿ ಬೆಣ್ಣೆ 15 ಗ್ರಾಂ ಬಿದ್ದರೆ ಅದೊಂದೇ ನೂರು ದಾಟುತ್ತದೆ.

ತಪ್ಪು ಮಂಡಕ್ಕಿಯದಲ್ಲ, ಸಂಜೆ ಐದಕ್ಕೆ ತಿಂದರೆ ಅದು ತಿಂಡಿ. ರಾತ್ರಿ ಎಂಟೂವರೆಗೆ ಮೆಸ್ಸಿನಲ್ಲಿ ಊಟ ಮುಗಿಸಿ, ಹನ್ನೊಂದೂವರೆಗೆ ಓದುತ್ತಲೋ ರೀಲ್ಸ್ ನೋಡುತ್ತಲೋ ತಿಂದರೆ ಅದು ನಾಲ್ಕನೇ ಊಟ. 2017ರಲ್ಲಿ 18ರಿಂದ 22 ವಯಸ್ಸಿನ 110 ಮಂದಿ ಅಮೆರಿಕನ್ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ ದೇಹದ ಕೊಬ್ಬಿಗೆ ತಾಳೆಯಾದದ್ದು ಗೋಡೆ ಗಡಿಯಾರದ ಹೊತ್ತಲ್ಲ. ರಾತ್ರಿ ದೇಹ ನಿದ್ದೆಯ ಹೊತ್ತನ್ನು ಸಾರುವ ಹಾರ್ಮೋನ್ ಮೆಲಟೋನಿನ್ ಸುರಿಸಲು ಶುರು ಮಾಡುವ ಹೊತ್ತಿಗೆ ಎಷ್ಟು ಹತ್ತಿರವಾಗಿ ತಿನ್ನುತ್ತಿದ್ದರೆಂಬುದು ತಾಳೆಯಾಯಿತು. ಹತ್ತು ಗಂಟೆಗೆ ಮಲಗುವವನ ಒಂಬತ್ತೂವರೆ ಊಟವೂ, ಒಂದಕ್ಕೆ ಮಲಗುವವನ ಹನ್ನೆರಡೂವರೆ ಊಟವೂ ದೇಹಕ್ಕೆ ಒಂದೇ ಬಗೆ.

ಒಪ್ಪದವರು ಹೇಳುವುದೇನು?

ಇಲ್ಲಿಯವರೆಗಿನದು ಪ್ರಯೋಗಾಲಯದ ಮಾತು. ಕೆಲವೇ ದಿನ, ಕೆಲವೇ ಜನ, ನಾಲ್ಕೈದು ತಾಸಿನ ಬಲವಂತದ ನಿದ್ದೆ. ನಿಜ ಜೀವನದಲ್ಲಿ ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿದಾಗ ಪರಿಣಾಮ ಸಣ್ಣದಾಗುತ್ತದೆ. ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನದಲ್ಲಿ 68,183 ಮಹಿಳೆಯರನ್ನು 16 ವರ್ಷ ನೋಡಿದರು. ಐದು ತಾಸು ಅಥವಾ ಕಡಿಮೆ ಮಲಗುವವರು ಏಳು ತಾಸು ಮಲಗುವವರಿಗಿಂತ ಹೆಚ್ಚು ಗಳಿಸಿದ್ದು 1.14 ಕಿಲೋ ಮಾತ್ರ. ಹದಿನಾರು ವರ್ಷಕ್ಕೆ ಒಂದು ಕಿಲೋ ಚಿಲ್ಲರೆ! ಅವರು ನಡುವಯಸ್ಸಿನ ನರ್ಸ್‌ಗಳು ಎಂಬುದೂ ನೆನಪಿರಲಿ.

ಅಮೆರಿಕದ್ದೇ ಆದ ಕಾರ್ಡಿಯಾ ಅಧ್ಯಯನ ಇನ್ನೂ ಬಿಗಿ. ಬಾಯಿಮಾತು ನಂಬದೆ ಕೈಗೆ ಯಂತ್ರ ಕಟ್ಟಿ ನಿದ್ದೆ ಅಳೆದರು. ಕಡಿಮೆ ಮಲಗುವವರ ತೂಕ ಆ ಹೊತ್ತಿಗೆ ಹೆಚ್ಚೇ ಇತ್ತು, ಆದರೆ ಮುಂದಿನ ಐದು ವರ್ಷದಲ್ಲಿ ತೂಕ ಏರುವುದಕ್ಕೂ ನಿದ್ದೆಗೂ ನಂಟು ಕಾಣಲಿಲ್ಲ. ಅದೇ ಅಧ್ಯಯನದಿಂದ ಹೊರಬಿದ್ದ ಇನ್ನೊಂದು ಸತ್ಯ, ಜನ ತಾವು ಮಲಗುವುದನ್ನು ಸುಮಾರು ಮುಕ್ಕಾಲು ತಾಸು ಹೆಚ್ಚಿಸಿ ಹೇಳುತ್ತಾರೆ. ಪತ್ರಿಕೆಗಳಲ್ಲಿ ಬರುವ ‘ಆರು ತಾಸು ಮಲಗುವವರು’ ನಿಜಕ್ಕೂ ಐದೂಕಾಲು ತಾಸಿನವರಿರಬಹುದು.

ಹಾಗಾದರೆ ಯುವಜನರ ವಿಷಯ? ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 496 ಮಂದಿಯನ್ನು 27ನೇ ವಯಸ್ಸಿನಿಂದ 40ರವರೆಗೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಕಡಿಮೆ ನಿದ್ದೆಗೂ ಬೊಜ್ಜಿಗೂ ನಂಟು ಇಪ್ಪತ್ತರ ಕೊನೆಯಲ್ಲಿ ಗಟ್ಟಿಯಾಗಿತ್ತು, ಮೂವತ್ತನಾಲ್ಕು ದಾಟಿದ ಮೇಲೆ ಸಡಿಲವಾಗುತ್ತ ಬಂತು. ದೊಡ್ಡವರ ಅಧ್ಯಯನಗಳಲ್ಲಿ ಕಾಣದ್ದು ಇಲ್ಲಿ ಕಂಡಿತು. ಸುದ್ದಿಗಳು ಒಂದನ್ನೊಂದು ಸುಳ್ಳು ಮಾಡುವಂತೆ ತೋರಲು ಒಂದು ಕಾರಣ ಇದೇ: ಯಾವ ವಯಸ್ಸಿನವರ ಮಾತು ಎಂಬುದನ್ನು ತಲೆಬರಹ ಹೇಳುವುದಿಲ್ಲ.

ಒಂಬತ್ತು ತಾಸಿನವರ ಕತೆ ಬೇರೆ. ಹೆಚ್ಚು ಮಲಗುವುದರಿಂದ ದಪ್ಪವಾಗುತ್ತಾರೆ ಎನ್ನುವುದಕ್ಕೆ ಪ್ರಯೋಗದ ಬಲವಿಲ್ಲ. ಖಿನ್ನತೆ, ಥೈರಾಯ್ಡ್ ಕೊರತೆ, ಗೊರಕೆಯಿಂದ ಕೆಡುವ ನಿದ್ದೆ, ಈ ಮೂರೂ ಜನರನ್ನು ಹೆಚ್ಚು ಹೊತ್ತು ಹಾಸಿಗೆಯಲ್ಲಿರಿಸುತ್ತವೆ, ತೂಕದ ಜೊತೆಗೂ ಹೆಣೆದುಕೊಂಡಿರುತ್ತವೆ. ಅಲ್ಲಿ ದೀರ್ಘ ನಿದ್ದೆ ಲಕ್ಷಣವಷ್ಟೇ.

ಹುಡುಗರು, ಹುಡುಗಿಯರು

ಕೊಲೊರಾಡೊ ಪ್ರಯೋಗದಲ್ಲಿ ಒಂದು ವ್ಯತ್ಯಾಸ ಕಂಡಿತು. ಊಟಕ್ಕೆ ಮಿತಿಯಿಲ್ಲದಾಗ ಗಂಡಸರು ಚೆನ್ನಾಗಿ ಮಲಗಿದರೂ ಸ್ವಲ್ಪ ತೂಕ ಏರಿಸಿಕೊಂಡರು. ಹೆಂಗಸರು ನಿದ್ದೆ ಸಾಕಷ್ಟಿದ್ದಾಗ ತೂಕ ಕಾಪಾಡಿಕೊಂಡರು, ನಿದ್ದೆ ಕೆಟ್ಟಾಗ ಅವರ ಹಿಡಿತವೂ ತಪ್ಪಿತು. ಹದಿನಾರು ಮಂದಿಯಿಂದ ಲೋಕದ ನಿಯಮ ಮಾಡಲಾಗದು, ಆದರೂ ‘ಮನಸ್ಸು ಗಟ್ಟಿ ಮಾಡಿಕೊ’ ಎನ್ನುವ ಉಪದೇಶ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಇದು ಸುಳಿವು.

ಹೆಂಗಸರ ವಿಷಯದಲ್ಲಿ ತಕ್ಕಡಿ ಸುಳ್ಳೂ ಹೇಳಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 38 ಆರೋಗ್ಯವಂತ ಮಹಿಳೆಯರು ಆರು ವಾರ ತಮ್ಮ ಏಳೂವರೆ ತಾಸಿನ ನಿದ್ದೆಯನ್ನು 6.2 ತಾಸಿಗೆ ಇಳಿಸಿಕೊಂಡರು. ಖಾಲಿ ಹೊಟ್ಟೆಯ ಇನ್ಸುಲಿನ್ ಶೇ 12ರಷ್ಟು ಏರಿತು, ಇನ್ಸುಲಿನ್‌ಗೆ ದೇಹ ತೋರುವ ಪ್ರತಿರೋಧ ಶೇ 15ರ ಹತ್ತಿರ ಹೆಚ್ಚಿತು. ಕೊಬ್ಬಿನ ಏರಿಳಿತದಿಂದ ಇದನ್ನು ವಿವರಿಸಲಾಗಲಿಲ್ಲ. ತೂಕ ಏರದಿದ್ದರೂ ಸಕ್ಕರೆ ಕಾಯಿಲೆಯ ದಾರಿ ತೆರೆಯಬಹುದು ಎಂದಾಯಿತು. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು ಕೊನೆಗೆ ಮಲಗುವವಳೂ, ನಲ್ಲಿ ನೀರು ಬಂತೆಂದು ಮೊದಲು ಏಳುವವಳೂ ಒಬ್ಬಳೇ ಆಗಿರುವುದರಿಂದ ಒಂದೂಕಾಲು ತಾಸಿನ ಖೋತಾ ಎಂಬುದು ವಿಪರೀತದ ಸಂಗತಿಯೇ ಅಲ್ಲ.

ಭಾನುವಾರದ ಲೆಕ್ಕ

ವಾರವಿಡೀ ಐದು ತಾಸು, ವಾರಾಂತ್ಯಕ್ಕೆ ಬೇಕೆನಿಸಿದಷ್ಟು ಎಂಬ ಪದ್ಧತಿಯನ್ನು 2019ರಲ್ಲಿ ಕೊಲೊರಾಡೊದವರು 36 ಯುವಜನರಲ್ಲಿ ಪರೀಕ್ಷಿಸಿದರು. ವಾರಾಂತ್ಯದಲ್ಲಿ ರಾತ್ರಿ ತಿನ್ನುವುದು ಇಳಿಯಿತು, ಸೋಮವಾರದಿಂದ ಮತ್ತೆ ಏರಿತು. ತೂಕವೂ ಏರಿತು. ಬಳಲಿಕೆ ಕಳೆಯಲು ಭಾನುವಾರದ ನಿದ್ದೆ ಒಳ್ಳೆಯದೇ, ಆದರೆ ಹನ್ನೊಂದಕ್ಕೆ ಎದ್ದವನಿಗೆ ಆ ರಾತ್ರಿ ಒಂದಕ್ಕೆ ಮುಂಚೆ ನಿದ್ದೆ ಹತ್ತುವುದಿಲ್ಲ. ಸೋಮವಾರ ಕೆಡುವುದು ಅಲ್ಲಿಂದ. ಭಾನುವಾರಕ್ಕೂ ಉಳಿದ ದಿನಗಳಿಗೂ ಏಳುವ ಹೊತ್ತಿನ ಅಂತರ ಒಂದು ತಾಸು ಮೀರದಿದ್ದರೆ ಸಾಕು.

ಬದಲಿಸುವುದಾದರೆ ಎಲ್ಲಿಂದ

18 ದಾಟಿದವರಿಗೆ ಕನಿಷ್ಠ ಏಳು ತಾಸು ಎಂಬುದು ನಿದ್ರಾ ತಜ್ಞರ ಒಮ್ಮತ. ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಕೊನೆಯ ತುತ್ತಿನ ಹೊತ್ತು, ಫೋನು ಕೆಳಗಿಟ್ಟ ಹೊತ್ತು, ಎದ್ದ ಹೊತ್ತು, ಊಟದ ನಂತರ ತಿಂದದ್ದು. 12.40ಕ್ಕೆ ಫೋನಿಟ್ಟು 6.30ರ ಅಲಾರಮ್ಮಿಗೆ ಎದ್ದರೆ ಹಾಸಿಗೆಯಲ್ಲಿದ್ದದ್ದು ಐದು ತಾಸು ಐವತ್ತು ನಿಮಿಷ. ನಿದ್ದೆ ಹತ್ತಲು ತಗಲುವ, ನಡುವೆ ಎಚ್ಚರವಾಗುವ ಇಪ್ಪತ್ತು ಮೂವತ್ತು ನಿಮಿಷ ಕಳೆದರೆ ಉಳಿಯುವುದು ಐದೂವರೆ ತಾಸಿಗೆ ಕೊಂಚ ಕಡಿಮೆ. ಕೇಳಿದರೆ ಆ ಹುಡುಗ ‘ಆರೂವರೆ ಆಗ್ತದೆ’ ಎನ್ನುತ್ತಾನೆ.

ಏಳುವ ಹೊತ್ತು ನಮ್ಮ ಕೈಲಿಲ್ಲ, ಕಾಲೇಜು ಬಸ್ಸು, ಟ್ಯೂಷನ್, ಡ್ಯೂಟಿ ಅದನ್ನು ನಿಶ್ಚಯಿಸುತ್ತವೆ. ಜರುಗಿಸಬಹುದಾದದ್ದು ಮಲಗುವ ಹೊತ್ತು. ಒಂದೇ ರಾತ್ರಿ ಒಂದರಿಂದ ಹನ್ನೊಂದಕ್ಕೆ ತಂದರೆ ಹೊರಳಾಡುವುದೇ ಗತಿ, ಮೂರನೇ ದಿನ ಬಿಟ್ಟುಬಿಡುತ್ತಾರೆ. ಮೂರು ನಾಲ್ಕು ದಿನಕ್ಕೆ 15 ನಿಮಿಷದಂತೆ ಹಿಂದಕ್ಕೆ ತನ್ನಿ, ಒಂದು ತಾಸು ಸರಿಯಲು ಎರಡು ವಾರ ಬೇಕು. ಚಹಾ, ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ತೆಗೆದುಕೊಳ್ಳುತ್ತದೆ, ಆದ್ದರಿಂದ ಕೊನೆಯ ಕಪ್ಪು ನಾಲ್ಕೈದು ಗಂಟೆಯೊಳಗೆ. ಊಟ ಮಲಗುವುದಕ್ಕೆ ಎರಡೂವರೆ ಮೂರು ತಾಸು ಮೊದಲು. ಮೆಸ್ಸಿನ ಊಟ ಏಳೂವರೆಗೇ ಮುಗಿದು ಹನ್ನೊಂದಕ್ಕೆ ನಿಜವಾಗಿ ಹಸಿವಾದರೆ ತಡೆದುಕೊಂಡು ಕೂರಬೇಡಿ, ಹಸಿದ ಹೊಟ್ಟೆಗೆ ನಿದ್ದೆ ಬಾರದು. ಒಂದು ಲೋಟ ಮಜ್ಜಿಗೆ ಅಥವಾ ಒಂದು ಬಾಳೆಹಣ್ಣು ಸಾಕು. ಫೋನಿನ ಬೆಳಕಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಬೆಳಕಿಗಿಂತ ಅದು ನುಂಗುವ ಒಂದೂವರೆ ತಾಸೇ ದೊಡ್ಡ ಕಳ್ಳ. ಮಾರ್ಚ್‌ನಿಂದ ಮೇವರೆಗೆ ನಮ್ಮ ತಾರಸಿ ಕೋಣೆಗಳು ನಡುರಾತ್ರಿವರೆಗೂ ಕಾದಿರುತ್ತವೆ. ಆ ತಿಂಗಳುಗಳಲ್ಲಿ ಕೆಳಗಿನ ಮಹಡಿ, ಸೊಳ್ಳೆ ಪರದೆ, ತೆರೆದ ಕಿಟಕಿ ಯಾವ ಮಾತ್ರೆಗಿಂತಲೂ ಮೇಲು.

ರಾತ್ರಿ ಪಾಳಿಯವರಿಗೆ ‘ಬೇಗ ಮಲಗಿ’ ಎನ್ನುವುದು ಗಾಯದ ಮೇಲೆ ಉಪ್ಪು. ಅವರಿಗೆ ಹೇಳಬಹುದಾದದ್ದು ಊಟದ ಹೊತ್ತಿನ ಬಗ್ಗೆ. 2021ರಲ್ಲಿ ಬಾಸ್ಟನ್ನಿನಲ್ಲಿ 19 ಯುವಜನರಿಗೆ ರಾತ್ರಿ ಪಾಳಿಯಂತೆ ಎಚ್ಚರವಿರಿಸಿ ಪರೀಕ್ಷಿಸಿದಾಗ, ರಾತ್ರಿ ಉಂಡವರ ರಕ್ತದ ಸಕ್ಕರೆ ಸರಾಸರಿ ಶೇ 6.4 ಏರಿತು, ಹಗಲಲ್ಲೇ ಉಂಡವರಿಗೆ ಏರಲಿಲ್ಲ. ಪಾಳಿಗೆ ಹೋಗುವ ಮುಂಚೆ ಮುಖ್ಯ ಊಟ, ನಡುರಾತ್ರಿಯಿಂದ ಐದರವರೆಗೆ ನೀರು ಅಥವಾ ತೀರ ಸಣ್ಣ ತಿನಿಸು, ಬೆಳಿಗ್ಗೆ ಹಗುರ ತಿಂಡಿ ತಿಂದು ಕತ್ತಲೆ ಕೋಣೆಯಲ್ಲಿ ನಿದ್ದೆ.

ಮಧ್ಯರಾತ್ರಿ ಮಲಗಿ, ತೂಕ ಇಳಿಸಲೆಂದು ಐದಕ್ಕೆದ್ದು ಜಿಮ್ಮಿಗೆ ಓಡುವವರು ಈಚೆಗೆ ಹೆಚ್ಚು. 2010ರ ಷಿಕಾಗೋ ಪ್ರಯೋಗ ಇವರಿಗೇ ಮಾಡಿದಂತಿದೆ. ಅತಿತೂಕದ ಹತ್ತು ಮಂದಿಗೆ ಒಂದೇ ಡಯೆಟ್ ಕೊಟ್ಟು 14 ದಿನ ಎಂಟೂವರೆ ತಾಸು, ಇನ್ನೊಮ್ಮೆ 14 ದಿನ ಐದೂವರೆ ತಾಸು ಮಲಗಿಸಿದರು. ಎರಡು ಸಲವೂ ತೂಕ ಇಳಿದದ್ದು ಸುಮಾರು ಮೂರು ಕಿಲೋ. ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕಿಲೋ ಕೊಬ್ಬು, ನಿದ್ದೆಗೆಟ್ಟಾಗ ಕೊಬ್ಬು 0.6 ಕಿಲೋ ಮಾತ್ರ, ಉಳಿದದ್ದು ಸ್ನಾಯು ಮೊದಲಾದವು. ತಕ್ಕಡಿ ನೋಡಿ ಹಿಗ್ಗಿದವರು ಕಳೆದುಕೊಂಡದ್ದು ಬೇಕಾದದ್ದನ್ನೇ. ಇಂಥವರು ಸಂಜೆ ಆರಕ್ಕೆ ಕುಂದವಾಡ ಕೆರೆ ಏರಿಯ ಮೇಲೆ ನಡೆದು, ಬೆಳಗಿನ ಆ ಒಂದು ತಾಸನ್ನು ಹಾಸಿಗೆಗೆ ಬಿಟ್ಟುಕೊಡುವುದು ಲಾಭದ ವ್ಯಾಪಾರ.

ಗೊರಕೆ ಇದ್ದರೆ ಲೆಕ್ಕ ಬೇರೆ

ಎಂಟು ತಾಸು ಮಲಗಿಯೂ ಬೆಳಿಗ್ಗೆ ತಲೆ ಭಾರ, ತರಗತಿಯಲ್ಲಿ ತೂಕಡಿಕೆ, ಬೈಕ್ ಓಡಿಸುವಾಗ ಕಣ್ಣು ಮುಚ್ಚುವುದು, ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಗಕ್ಕನೆ ಏಳುವುದು. ಇವಿದ್ದರೆ ಮೇಲಿನ ಯಾವ ಉಪಾಯವೂ ಸಾಲದು. ಕುತ್ತಿಗೆಯ ಸುತ್ತಿನ ಕೊಬ್ಬು ಉಸಿರಿನ ದಾರಿಯನ್ನು ಒತ್ತಿ, ರಾತ್ರಿಯಲ್ಲಿ ಹತ್ತಾರು ಸಲ ನಿದ್ದೆ ಮುರಿಯುತ್ತಿರುತ್ತದೆ. ಇಲ್ಲಿ ಬೊಜ್ಜೇ ಮೊದಲು, ನಿದ್ದೆಗೇಡು ಆಮೇಲೆ. ಜೊತೆಗೆ ಮಲಗುವವರು ಫೋನಿನಲ್ಲಿ ಹತ್ತು ನಿಮಿಷ ಗೊರಕೆ ರೆಕಾರ್ಡ್ ಮಾಡಿಕೊಂಡರೆ ವೈದ್ಯರಿಗೆ ಅನುಕೂಲ. ಕಿವಿ–ಮೂಗು–ಗಂಟಲು ಅಥವಾ ಶ್ವಾಸಕೋಶ ತಜ್ಞರನ್ನು ಕಂಡು ನಿದ್ರಾ ಪರೀಕ್ಷೆ ಮಾಡಿಸಬೇಕು, ಥೈರಾಯ್ಡನ್ನೂ ನೋಡಿಸಬೇಕು.

ಮಾಸ್ಕ್ ಮೂಲಕ ಗಾಳಿಯೊತ್ತುವ ಸಿಪ್ಯಾಪ್ ಯಂತ್ರ ಉಸಿರಾಟವನ್ನು ಸರಿಪಡಿಸುತ್ತದೆ, ಹಗಲಿನ ತೂಕಡಿಕೆ ಹೋಗುತ್ತದೆ. ನಿದ್ದೆ ಸರಿಯಾಯಿತು, ಇನ್ನು ತೂಕ ತಾನೇ ಇಳಿಯುತ್ತದೆ ಎಂದು ಕಾದವರಿಗೆ ಮಾತ್ರ ನಿರಾಸೆ. ಈ ಯಂತ್ರ ಬಳಸಿದವರ ತೂಕ ಸರಾಸರಿ ಕೊಂಚ ಏರಿದ್ದನ್ನೇ ಅಧ್ಯಯನಗಳು ಕಂಡಿವೆ. ರಾತ್ರಿಯಿಡೀ ಉಸಿರಿಗಾಗಿ ಗುದ್ದಾಡಿ ಖರ್ಚಾಗುತ್ತಿದ್ದ ಶಕ್ತಿ ಉಳಿಯುತ್ತದೆ, ತಟ್ಟೆ ಮೊದಲಿನಷ್ಟೇ ಇರುತ್ತದೆ. ಅದಕ್ಕೇ ಯಂತ್ರ ಬರೆದುಕೊಡುವ ದಿನವೇ ಆಹಾರದ ಚೀಟಿಯನ್ನೂ ಕೇಳಿ ಪಡೆಯಬೇಕು.